ಮೇಲಿನ ಮನೆಯ ನೀರು, ಕೆಳಗಿನ ಮನೆಯ ಅಂಗಳ

ಪ್ರಶ್ನೆ: ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಇಳಿಜಾರಿನ ಬೀದಿಯ 30x40 ಅಡಿ ನಿವೇಶನದಲ್ಲಿ 2012ರಲ್ಲಿ ಮನೆ ಕಟ್ಟಿಸಿಕೊಂಡೆವು. ಹೋದ ವರ್ಷ ನಮ್ಮ ಹಿಂಬದಿಯ ಎತ್ತರದ ನಿವೇಶನದವರು ಮಣ್ಣು ತುಂಬಿಸಿ ಮನೆ ಕಟ್ಟಿ, ಸುತ್ತಲೂ ಕಾಂಕ್ರೀಟು ಹಾಕಿಸಿದ್ದಾರೆ. ಜೋರು ಮಳೆ ಬಂದರೆ ಅವರ ತಾರಸಿಯ ನೀರೂ ಅಂಗಳದ ನೀರೂ ಕಾಂಪೌಂಡು ಗೋಡೆಯ ಬುಡದಿಂದ ನಮ್ಮ ಕಡೆಗೆ ನುಗ್ಗುತ್ತದೆ. ಮುಂಭಾಗದಲ್ಲಿ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ, ಅದೀಗ ನಮ್ಮ ಗೇಟಿಗಿಂತ ಎತ್ತರವಾಗಿದೆ. ತಾರಸಿಯ ಪೈಪುಗಳನ್ನು ಸ್ಯಾನಿಟರಿ ಚೇಂಬರಿಗೆ ಸೇರಿಸಿಬಿಡಿ ಎಂದು ಪ್ಲಂಬರ್ ಹೇಳುತ್ತಾರೆ. ಮಳೆನೀರು ಕೊಯ್ಲು ಮಾಡಿಲ್ಲವೆಂದು ನೀರಿನ ಬಿಲ್ಲಿನಲ್ಲಿ ದಂಡವೂ ಬರುತ್ತಿದೆ. ಹಿಂದಿನ ಗೋಡೆಯ ಸಂದುಗಳನ್ನು ಮುಚ್ಚಿಸಿ ಎತ್ತರಿಸಿದರೆ ಸಾಕಾಗುವುದೆ? ನಿವೇಶನದ ಪಕ್ಕದಲ್ಲಿ ಹಾದುಹೋಗುವ ಹಳೆಯ ಕಲ್ಲುಕಟ್ಟಿನ ಕಾಲುವೆಯ ಮೇಲೆ ಚಪ್ಪಡಿ ಹಾಕಿ ಆ ಜಾಗವನ್ನು ಬಳಸಿಕೊಳ್ಳಬಹುದೆ?

ಉತ್ತರ: ನೀವು ಕೇಳಿರುವುದರಲ್ಲಿ ಒಂದು ದಿನವೂ ತಡಮಾಡಬಾರದ ಸಂಗತಿಯೆಂದರೆ ಪ್ಲಂಬರ್ ಕೊಟ್ಟ ಸಲಹೆ. ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ. ತಾರಸಿಯ ನೀರನ್ನು ಒಳಚರಂಡಿಗೆ ಬಿಡುವುದು ನಿಯಮಬಾಹಿರ. ಬೆಂಗಳೂರು ಜಲಮಂಡಳಿ ಅಂತಹ ಜೋಡಣೆಗಳನ್ನು ಪತ್ತೆ ಹಚ್ಚಿ ದಂಡ ವಿಧಿಸುತ್ತದೆ. ಆದರೆ ನಿಯಮವನ್ನು ಬದಿಗಿಟ್ಟು ಬರೀ ಲೆಕ್ಕವನ್ನು ನೋಡಿದರೂ ಅದು ಎಷ್ಟು ಅಪಾಯದ ಕೆಲಸವೆಂದು ತಿಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಮನೆಯೊಂದು 675 ಲೀಟರು ನೀರು ಬಳಸುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ, ಅಂದರೆ ಸುಮಾರು 540 ಲೀಟರು, ಕೊಳಚೆಯಾಗಿ ಚೇಂಬರಿಗೆ ಹೋಗುತ್ತದೆ. ನಿಮ್ಮ ತಾರಸಿ 900 ಚದರಡಿ, ಅಂದರೆ 84 ಚದರ ಮೀಟರು ಇದೆಯೆಂದುಕೊಳ್ಳೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಮ್ಮ ಊರಿನ ಸಂಜೆ ಮಳೆ ಕಾಲು ಗಂಟೆಯಲ್ಲಿ 20 ಮಿಲಿಮೀಟರು ಸುರಿಯುವುದು ಅಪರೂಪವೇನಲ್ಲ, ಹಾಗೆ ಸುರಿದರೆ ನಿಮ್ಮೊಂದು ತಾರಸಿಯಿಂದಲೇ 1,680 ಲೀಟರು ಇಳಿಯುತ್ತದೆ. ಇಡೀ ದಿನದ ಕೊಳಚೆಯ ಮೂರು ಪಟ್ಟು ನೀರು ಹದಿನೈದೇ ನಿಮಿಷದಲ್ಲಿ, ಅದಕ್ಕೆಂದು ಮಾಡದ ಕೊಳವೆಯೊಳಗೆ ಹೋದಂತಾಯಿತು.

ಬೀದಿಯ ಹತ್ತು ಮನೆಗಳು ಹೀಗೆ ಮಾಡಿದರೆ ಕೊಳವೆ ತುಂಬಿ, ನೀರು ತನಗೆ ಸಿಕ್ಕ ಕೆಳಗಿನ ಬಾಯಿಯಿಂದ ಮೇಲೇಳುತ್ತದೆ. ಆ ಬಾಯಿ ಬೀದಿಯ ಮ್ಯಾನ್‌ಹೋಲ್ ಆಗಿರಬಹುದು, ತಗ್ಗಿನ ಮನೆಯೊಂದರ ಬಚ್ಚಲೂ ಆಗಿರಬಹುದು. ಇಂತಹ ಒಂದು ಮನೆಯೊಳಗೆ ನಾನು ನಿಂತಿದ್ದೇನೆ. ಹೊರಗೆ ಮಳೆ ನಿಂತು ಅರ್ಧ ಗಂಟೆಯಾಗಿದ್ದರೂ ಬಚ್ಚಲ ಜಾಲರಿಯಿಂದ ಕಪ್ಪು ನೀರು ಗುಳುಗುಳು ಸದ್ದು ಮಾಡುತ್ತ ಉಕ್ಕುತ್ತಲೇ ಇತ್ತು. ಆ ಮನೆಯ ಅಜ್ಜಿ ಹಳೆಯ ಸೀರೆಗಳನ್ನು ಮಡಚಿ ದೇವರ ಕೋಣೆಯ ಹೊಸ್ತಿಲಿಗೆ ಒಡ್ಡಿದ್ದರು. ಆ ಮನೆಯವರು ಯಾವ ತಪ್ಪನ್ನೂ ಮಾಡಿರಲಿಲ್ಲ, ಅವರ ಮನೆ ತಗ್ಗಿನಲ್ಲಿತ್ತು, ಅಷ್ಟೆ. ಇಳಿಜಾರಿನ ಬೀದಿಯಲ್ಲಿ ನೀವು ಇಂದು ನಡುವೆ ಇದ್ದೀರಿ. ನಿಮಗಿಂತ ಕೆಳಗೆ ಯಾರೋ ಒಬ್ಬರು ಇದ್ದೇ ಇರುತ್ತಾರೆ. ಈಗಾಗಲೇ ಪೈಪನ್ನು ಸೇರಿಸಿದ್ದರೆ ಈ ವಾರವೇ ಬಿಡಿಸಿ, ಚೇಂಬರಿನ ತೂತನ್ನು ಗಾರೆಯಿಂದ ಮುಚ್ಚಿಸಿ.

ಇನ್ನು ಹಿಂಬದಿಯ ಮನೆಯ ವಿಷಯ. ಇಲ್ಲಿ ಕಾನೂನು ಎರಡು ಬಗೆಯ ನೀರನ್ನು ಬೇರೆ ಬೇರೆಯಾಗಿ ಕಾಣುತ್ತದೆ ಎಂಬುದನ್ನು ನೀವು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅಕ್ಕಪಕ್ಕದ ಜಮೀನುಗಳ ನಡುವಿನ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೆಯ ಸೆಕ್ಷನ್ನಿನಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಇದೂ ಒಂದು: ಮೇಲಿನ ಜಮೀನಿನ ಮೇಲೆ ತಾನಾಗಿ ಬಿದ್ದು, ನಿರ್ದಿಷ್ಟ ಕಾಲುವೆಯಿಲ್ಲದೆ ಸಹಜವಾಗಿ ಹರಿದುಬರುವ ನೀರನ್ನು ಕೆಳಗಿನ ಜಮೀನಿನವನು ಬರಗೊಡಬೇಕು, ಅದು ಮೇಲಿನವನ ಹಕ್ಕು. ಹಳ್ಳಿಯಲ್ಲಿ ಬದುವಿನ ಜಗಳ ಕಂಡವರಿಗೆ ಇದು ಹೊಸ ಮಾತಲ್ಲ. ಆದರೆ ಇಲ್ಲಿ ತೂಕವಿರುವುದು ‘ಸಹಜವಾಗಿ’ ಎಂಬ ಪದಕ್ಕೆ. ಮಣ್ಣು ತುಂಬಿಸಿ ನೆಲದ ಮಟ್ಟವನ್ನು ಬದಲಿಸಿ, ಇಂಗಬೇಕಾದ ನೀರಿಗೆ ಕಾಂಕ್ರೀಟಿನ ಅಡ್ಡಿ ಹಾಕಿ, ತಾರಸಿಯ ನೀರನ್ನೆಲ್ಲ ಒಂದು ಪೈಪಿಗೆ ಕೂಡಿಸಿ ಆ ಪೈಪಿನ ಬಾಯನ್ನು ನಿಮ್ಮ ಗೋಡೆಯ ಬುಡಕ್ಕೆ ತಿರುಗಿಸಿದರೆ, ಅದನ್ನು ಸಹಜ ಹರಿವು ಎನ್ನಲಾಗದು. ನಿಮ್ಮ ದೂರು ನಿಲ್ಲುವುದು ಈ ಎರಡನೆಯ ಬಗೆಯ ನೀರಿನ ಮೇಲೆ. ಮೊದಲನೆಯ ಬಗೆಯದರ ಮೇಲೆ ನಿಲ್ಲಲಾರದು. ಆದ್ದರಿಂದ ‘ಒಂದು ಹನಿಯೂ ನಮ್ಮ ಕಡೆ ಬರಬಾರದು’ ಎಂದು ಹಟ ಹಿಡಿಯುವ ಬದಲು, ‘ನಿಮ್ಮ ತಾರಸಿಯ ಮತ್ತು ಕಾಂಕ್ರೀಟು ಅಂಗಳದ ನೀರನ್ನು ನಿಮ್ಮ ಮುಂದಿನ ಬೀದಿಯ ಚರಂಡಿಯ ಕಡೆಗೆ ತಿರುಗಿಸಿ’ ಎಂದು ಕೇಳಿ. ಅದು ನ್ಯಾಯವಾದ ಬೇಡಿಕೆ, ಅವರ ಕೈಲಾಗುವಂಥದ್ದೂ ಹೌದು.

ಮಾತುಕತೆಗೆ ಹೋಗುವ ಮುನ್ನ ಮಳೆ ಬರುವಾಗಲೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ನೀರು ಯಾವ ಪೈಪಿನಿಂದ ಬಂತು, ಎಲ್ಲಿ ಗೋಡೆ ದಾಟಿತು, ಎಷ್ಟು ಹೊತ್ತು ಹರಿಯಿತು ಎಂಬುದು ದಿನಾಂಕದೊಂದಿಗೆ ದಾಖಲಾಗಿರಲಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಜಗಳಗಳು ಆ ಎರಡು ನಿಮಿಷದ ಚಿತ್ರ ನೋಡಿದ ಮೇಲೆಯೇ ಬಗೆಹರಿದಿವೆ, ಏಕೆಂದರೆ ಮೇಲಿನ ಮನೆಯವರು ಮಳೆ ಬರುವಾಗ ತಮ್ಮ ಮನೆಯ ಹಿಂದೆ ನಿಂತು ನೋಡಿರುವುದೇ ಇಲ್ಲ. ಫಲ ಸಿಗದಿದ್ದರೆ ಪಾಲಿಕೆಯ ವಾರ್ಡು ಎಂಜಿನಿಯರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ; 1533 ಸಹಾಯವಾಣಿಗೂ ದಾಖಲಿಸಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ಪಾಲಿಕೆಗಳೂ ಬಂದಿರುವುದರಿಂದ, ನಿಮ್ಮ ಬೀದಿ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದೆಯೆಂದು ಖಚಿತಪಡಿಸಿಕೊಂಡೇ ಬರೆಯಿರಿ. ತಪ್ಪು ಕಚೇರಿಗೆ ಹೋದ ಅರ್ಜಿ ಮಳೆಗಾಲ ಮುಗಿಯುವವರೆಗೂ ಮೇಜಿನಿಂದ ಮೇಜಿಗೆ ಅಲೆಯುತ್ತಿರುತ್ತದೆ. ದೂರಿನಲ್ಲಿ ಅವರ ಮನೆಯ ಮಂಜೂರಾದ ನಕ್ಷೆಯಲ್ಲಿ ಮಳೆನೀರಿನ ವ್ಯವಸ್ಥೆ ಹೇಗೆ ತೋರಿಸಲಾಗಿದೆ ಎಂಬುದನ್ನು ಪರಿಶೀಲಿಸುವಂತೆ ಕೇಳುವುದು ಒಳ್ಳೆಯದು. ಅದಕ್ಕೂ ಮೀರಿದರೆ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳುವ ದಾರಿಯಿದೆ. ಆ ಹಂತದಲ್ಲಿ ವಕೀಲರ ಮಾತೇ ಮುಖ್ಯ.

ಈಗ ನೀವು ಯೋಚಿಸಿರುವ ಗೋಡೆಯ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಸಂದುಗಳನ್ನು ಮುಚ್ಚಿಸಬೇಡಿ. ಹಿಂದಿನವರು ಮಣ್ಣು ತುಂಬಿಸಿರುವುದರಿಂದ ನಿಮ್ಮ ಕಾಂಪೌಂಡು ಗೋಡೆ ಈಗ ಬರೀ ಎಲ್ಲೆಯ ಗೋಡೆಯಾಗಿ ಉಳಿದಿಲ್ಲ, ಮಣ್ಣನ್ನು ತಡೆದು ನಿಂತಿರುವ ಗೋಡೆಯಾಗಿದೆ. ಆದರೆ ಅದನ್ನು ಆ ಕೆಲಸಕ್ಕೆಂದು ಕಟ್ಟಿದ್ದಲ್ಲ. ಒಣಮಣ್ಣಿನ ಒತ್ತಡವನ್ನು ತಾಳಿಕೊಳ್ಳುವ ಆರು ಇಂಚಿನ ಬ್ಲಾಕ್ ಗೋಡೆ, ಹಿಂದೆ ನೀರು ಕಟ್ಟಿಕೊಂಡಾಗ ಮಣ್ಣಿನ ಒತ್ತಡದ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ, ಮತ್ತು ಆ ಎರಡನೆಯ ಭಾರವನ್ನು ಅದು ಹೊರಲಾರದು. ಪ್ರತಿ ಮಳೆಗಾಲದಲ್ಲೂ ಪತ್ರಿಕೆಯಲ್ಲಿ ಓದುವ ‘ಕಾಂಪೌಂಡು ಗೋಡೆ ಕುಸಿತ’ದ ಸುದ್ದಿಗಳ ಹಿಂದೆ ಬಹುಪಾಲು ಇದೇ ಕಾರಣವಿರುತ್ತದೆ. ಆ ಗೋಡೆ ಬೀಳುವುದು ನಿಮ್ಮ ಕಡೆಗೆ, ನಿಮ್ಮ ಮಕ್ಕಳು ಓಡಾಡುವ ಸಂದಿಗೆ.

ಆದ್ದರಿಂದ ಗೋಡೆಗೆ ಉಸಿರು ಬಿಡಲು ಜಾಗ ಕೊಡಿ. ಐದಾರು ಅಡಿಗೊಂದರಂತೆ, ನಿಮ್ಮ ನೆಲದಿಂದ ಸ್ವಲ್ಪ ಮೇಲೆ, ಮೂರು ಇಂಚಿನ ಪಿವಿಸಿ ತುಂಡುಗಳನ್ನು ನಿಮ್ಮ ಕಡೆಗೆ ತುಸು ಓರೆಯಾಗಿ ಕೂರಿಸಿ, ಅವುಗಳ ಹಿಂಬಾಯಿಗೆ ಜಾಲರಿ ಕಟ್ಟಿ ಜಲ್ಲಿ ತುಂಬಿಸಿದರೆ ಮಣ್ಣು ಬಾರದೆ ನೀರು ಮಾತ್ರ ಬರುತ್ತದೆ. ಹಿಂದಿನವರ ಜಾಗದಲ್ಲಿ ಕೈಹಾಕಬೇಕಾದ್ದರಿಂದ ಅವರ ಒಪ್ಪಿಗೆ ಬೇಕು. ಗೋಡೆ ಉಳಿಯುವುದು ಅವರಿಗೂ ಹಿತವೇ ಎಂದು ತಿಳಿಸಿ ಹೇಳಿ. ಗೋಡೆ ಈಗಾಗಲೇ ನಿಮ್ಮ ಕಡೆಗೆ ಹೊಟ್ಟೆ ಉಬ್ಬಿಸಿಕೊಂಡಿದ್ದರೆ, ಅಥವಾ ಅಡ್ಡಡ್ಡ ಬಿರುಕು ಬಿಟ್ಟಿದ್ದರೆ, ತೂತು ಕೊರೆಯುವ ಗೋಜಿಗೂ ಹೋಗದೆ ಸ್ಟ್ರಕ್ಚರಲ್ ಎಂಜಿನಿಯರೊಬ್ಬರನ್ನು ಕರೆಸಿ ತೋರಿಸಿ.

ಹೀಗೆ ಬಂದ ನೀರನ್ನು ನೀವು ನಿಮ್ಮ ನಿವೇಶನದ ಹಿಂದಂಚಿನಲ್ಲೇ ಎದುರುಗೊಳ್ಳಬೇಕು. ಹಿಂದಿನ ಗೋಡೆಯ ಬುಡದುದ್ದಕ್ಕೂ ಆರಿಂಚು ಅಗಲ, ಎಂಟಿಂಚು ಆಳದ ಒಂದು ಪುಟ್ಟ ಕಾಲುವೆ ಮಾಡಿಸಿ, ಮೇಲೆ ತೆಗೆಯಬಹುದಾದ ಜಾಲರಿ ಇಡಿಸಿ. ಅದು ಪಕ್ಕದ ಸಂದಿಯ ಮೂಲಕ ಮುಂಭಾಗಕ್ಕೆ ಬರಲಿ. ನೂರಕ್ಕೆ ಒಂದರ ಇಳಿಜಾರು ಸಾಕು: ನಲವತ್ತು ಅಡಿ ಉದ್ದಕ್ಕೆ ಸುಮಾರು ಐದು ಇಂಚು. ಗಾರೆಯವರು ಕಣ್ಣಳತೆಯಲ್ಲಿ ಇಳಿಜಾರು ಕೊಡುತ್ತೇವೆನ್ನುತ್ತಾರೆ, ಒಪ್ಪಬೇಡಿ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಎರಡು ತುದಿಗಳ ಮಟ್ಟ ನೋಡುವ ಹಳೆಯ ವಿಧಾನ ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ನಿಮ್ಮೆದುರಿಗೇ ಅದನ್ನು ಹಿಡಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಅರ್ಧ ಇಂಚು ತಪ್ಪಿದರೂ ನೀರು ಮೂಲೆಯಲ್ಲಿ ನಿಂತು ಪಾಯಕ್ಕೆ ಇಳಿಯುತ್ತದೆ, ಮೂರು ವರ್ಷದ ಮೇಲೆ ಒಳಗೋಡೆಯ ಬಣ್ಣ ಎದ್ದು ಉದುರುವಾಗಲಷ್ಟೇ ನಿಮಗೆ ಅದು ತಿಳಿಯುತ್ತದೆ.

ಮುಂಭಾಗಕ್ಕೆ ಬಂದ ನೀರು ಎಲ್ಲಿ ಹೋಗಬೇಕು ಎಂಬುದು ನಿಮ್ಮ ಬಿಲ್ಲಿನ ದಂಡದ ಪ್ರಶ್ನೆಯೂ ಹೌದು. ಜಲಮಂಡಳಿಯ 1964ರ ಕಾಯ್ದೆಗೆ 2009ರಲ್ಲಿ 72ಎ ಸೆಕ್ಷನ್ ಸೇರಿಸಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಆಗ ಇದ್ದ ಕಟ್ಟಡಗಳಲ್ಲಿ 60x40ರ ಮತ್ತು ಅದಕ್ಕಿಂತ ದೊಡ್ಡ ನಿವೇಶನದವರಿಗೂ, ಆಮೇಲೆ ಕಟ್ಟುವವರಲ್ಲಿ 30x40ರ ಮತ್ತು ಅದಕ್ಕಿಂತ ದೊಡ್ಡ ನಿವೇಶನದವರಿಗೂ ಅದು ಅನ್ವಯಿಸಿತು. ನೀವು ಕಟ್ಟಿಸಿದ್ದು 2012ರಲ್ಲಿ. ಆದ್ದರಿಂದ ನಿಮ್ಮ ಮನೆ ಮೊದಲ ದಿನದಿಂದಲೇ ಈ ನಿಯಮದೊಳಗಿದೆ. ದಂಡವನ್ನು ಬಿಲ್ಲಿನ ಶೇಕಡಾವಾರು ಮೊತ್ತವಾಗಿ ಹಾಕುತ್ತಾರೆ, ಮೊದಲ ಮೂರು ತಿಂಗಳ ನಂತರ ಅದರ ಪ್ರಮಾಣ ಏರುತ್ತದೆ, ವ್ಯವಸ್ಥೆ ಮಾಡಿಸಿ ಪರಿಶೀಲನೆಯಾಗುವವರೆಗೂ ನಿಲ್ಲುವುದಿಲ್ಲ. ಅನೇಕರು ತಿಂಗಳಿಗೆ ಇಷ್ಟು ಹೋದರೆ ಹೋಗಲಿ ಎಂದು ಕಟ್ಟುತ್ತಲೇ ಇದ್ದಾರೆ. ಇದು ನನಗೆ ನೋವಿನ ಸಂಗತಿ. ನೂರು ಕಿಲೋಮೀಟರು ದೂರದ ಕಾವೇರಿಯಿಂದ ನೀರನ್ನು ಈ ಎತ್ತರದ ಊರಿಗೆ ಪಂಪು ಮಾಡಿ ತರುತ್ತೇವೆ, ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆಯನ್ನು ಮೋರಿಗೆ ಬಿಡುತ್ತೇವೆ. ಸೋರಿಕೆ, ಆವಿ ಎಲ್ಲ ಕಳೆದು ನೂರಕ್ಕೆ ಎಂಬತ್ತು ಭಾಗ ಸಿಕ್ಕಿತೆಂದರೂ ನಿಮ್ಮ ತಾರಸಿಯೊಂದರಿಂದ ವರ್ಷಕ್ಕೆ ಸುಮಾರು 65,000 ಲೀಟರು ನೀರು ಸಿಗುತ್ತದೆ.

ಎಷ್ಟು ಹಿಡಿದಿಡಬೇಕು? ಮೊದಲಿಗೆ ತಾರಸಿಯ ಚದರ ಮೀಟರಿಗೆ 20 ಲೀಟರು, ಗಟ್ಟಿನೆಲದ ಚದರ ಮೀಟರಿಗೆ 10 ಲೀಟರು ಎಂದಿದ್ದ ಪ್ರಮಾಣವನ್ನು ಆಮೇಲೆ 60 ಮತ್ತು 30 ಲೀಟರಿಗೆ ಏರಿಸಲಾಯಿತು. 60 ಲೀಟರು ಎಂದರೆ ನಿಮ್ಮ ತಾರಸಿಯ ಮೇಲೆ ಬೀಳುವ 60 ಮಿಲಿಮೀಟರು ಮಳೆ ಪೂರ್ತಿಯಾಗಿ ನಿಮ್ಮ ಎಲ್ಲೆಯೊಳಗೇ ನಿಲ್ಲಬೇಕೆಂದು ಅರ್ಥ. ಈ ನಿಯಮದ ಜೀವ ಇರುವುದು ಇಲ್ಲಿ. ಕುಡಿಯುವ ನೀರಿನ ಉಳಿತಾಯಕ್ಕಾಗಿ ಹುಟ್ಟಿದ ನಿಯಮವಾದರೂ, ಅದು ಪ್ರವಾಹವನ್ನು ಬೀದಿಯ ತುದಿಯಲ್ಲಿ ತಡೆಯುವ ಬದಲು ಮನೆಯ ಅಂಗಳದಲ್ಲೇ ತಡೆಯುತ್ತದೆ. 2022ರ ಸೆಪ್ಟೆಂಬರ್ 5ರ ಬೆಳಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿಲಿಮೀಟರು ಮಳೆಯಾಗಿ ಬೆಳ್ಳಂದೂರು, ಮಹದೇವಪುರದ ಕಡೆ ಜನರನ್ನು ಟ್ರ್ಯಾಕ್ಟರುಗಳಲ್ಲೂ ದೋಣಿಗಳಲ್ಲೂ ಹೊರತಂದದ್ದು ನಿಮಗೆ ನೆನಪಿರಬಹುದು. ಅಷ್ಟು ಮಳೆಯನ್ನು ಯಾವ ಮನೆಯೂ ಪೂರ್ತಿ ಹಿಡಿದಿಡಲಾರದು, ನಿಜ; ಆದರೆ ಮೇಲಿನ ಬೀದಿಗಳ ಮನೆಗಳು ಮೊದಲ 60 ಮಿಲಿಮೀಟರನ್ನು ತಡೆದುಕೊಂಡಿದ್ದರೆ, ಅಷ್ಟರ ಮಟ್ಟಿಗೆ ಕೆಳಗಿನ ಕಾಲುವೆಗಳಿಗೆ ಹೊರೆ ಇಳಿಯುತ್ತಿತ್ತು.

ನಿಮ್ಮ ಲೆಕ್ಕ ಹೀಗಾಗುತ್ತದೆ. 84 ಚದರ ಮೀಟರು ತಾರಸಿಗೆ 5,040 ಲೀಟರು. ಉಳಿದ 27 ಚದರ ಮೀಟರು ಅಂಗಳ ಪೂರ್ತಿ ಗಟ್ಟಿನೆಲವಾದರೆ 810 ಲೀಟರು. ಒಟ್ಟು ಆರು ಸಾವಿರಕ್ಕೆ ತುಸು ಕಡಿಮೆ. ಮೂರು ಅಡಿ ವ್ಯಾಸ, ಇಪ್ಪತ್ತು ಅಡಿ ಆಳದ ಇಂಗುಬಾವಿಯಲ್ಲಿ 4,000 ಲೀಟರು ನಿಲ್ಲುತ್ತದೆ. ತಾರಸಿಯ ನೀರಿಗೆ 2,000 ಲೀಟರಿನ ಒಂದು ತೊಟ್ಟಿ ಇಟ್ಟರೆ ನಿಯಮವೂ ಪೂರೈಸಿತು, ಗಿಡಕ್ಕೆ, ಬಟ್ಟೆಗೆ ನೀರೂ ಆಯಿತು. ಅಂಗಳದ ಕಾಂಕ್ರೀಟನ್ನು ಸ್ವಲ್ಪ ಒಡೆಸಿ ಮಣ್ಣು ಬಿಟ್ಟರೆ ಲೆಕ್ಕ ಇನ್ನೂ ಹಗುರವಾಗುತ್ತದೆ. ಮನೆ ಸುತ್ತ ಒಂದಂಗುಲ ಮಣ್ಣೂ ಕಾಣದಂತೆ ಮುಚ್ಚುವುದನ್ನು ಅಚ್ಚುಕಟ್ಟು ಎಂದು ನಂಬಿರುವ ನಮ್ಮ ಕಾಲದ ಅಭ್ಯಾಸವನ್ನು ನಾನು ಎಂದೂ ಒಪ್ಪಿಕೊಂಡಿಲ್ಲ.

ಇಂಗುಬಾವಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದನ್ನು ಕೆಟ್ಟದಾಗಿ ಮಾಡಿಸುವುದು ಮಾಡಿಸದೇ ಇರುವುದಕ್ಕಿಂತ ಅಪಾಯ. ತೋಡಿಸುವ ಮೊದಲು ನೆಲ ನೀರು ಕುಡಿಯುತ್ತದೆಯೇ ಎಂದು ನೋಡಿ: ಒಂದಡಿ ಚೌಕದ, ಎರಡಡಿ ಆಳದ ಗುಂಡಿ ತೆಗೆದು, ಒಮ್ಮೆ ನೀರು ತುಂಬಿ ಬಿಟ್ಟು, ಅದು ಇಂಗಿದ ಮೇಲೆ ಮತ್ತೆ ತುಂಬಿ, ಒಂದು ಕಡ್ಡಿ ನೆಟ್ಟು ಗಂಟೆಗೆ ಎಷ್ಟು ಇಳಿಯಿತೆಂದು ಗುರುತು ಹಾಕಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಮೇಲಿನ ಪದರ ಜೇಡಿಯೆಂದು ಅರ್ಥ, ಅದನ್ನು ದಾಟಿ ಕೆಳಗಿನ ಗರಸಿನವರೆಗೂ ಹೋಗಬೇಕಾಗುತ್ತದೆ. ಬೆಂಗಳೂರಿನ ಬಹುಪಾಲು ಕಡೆ ಕೆಂಪು ಮಣ್ಣಿನ ಕೆಳಗೆ ನೈಸ್ (gneiss) ಎಂಬ ಬಂಡೆ ಶಿಥಿಲವಾದ ಪದರವಿರುತ್ತದೆ, ಅದು ನೀರನ್ನು ಚೆನ್ನಾಗಿ ಒಳಗೆ ಬಿಡುತ್ತದೆ. ನಿಮ್ಮದು ಎತ್ತರದ ಇಳಿಜಾರಾದ್ದರಿಂದ ಅಂತರ್ಜಲ ಮೇಲೆಯೇ ಸಿಕ್ಕಿ ಬಾವಿ ಕೆಲಸ ಮಾಡದಿರುವ ತೊಂದರೆ ಇರಲಾರದು. ಕೆರೆಯಂಚಿನ ತಗ್ಗುಗಳಲ್ಲಿ ಆ ತೊಂದರೆಯಿದೆ, ಅಲ್ಲಿ ತೊಟ್ಟಿಯೇ ಮೇಲು.

ಬಾವಿ ಪಾಯದಿಂದ ಸಾಧ್ಯವಾದಷ್ಟು ದೂರವಿರಲಿ, ಐದು ಅಡಿಗೆ ಕಡಿಮೆಯಾಗದಿರಲಿ. ಸಂಪಿನಿಂದಲೂ ಸ್ಯಾನಿಟರಿ ಚೇಂಬರಿನಿಂದಲೂ ಅಷ್ಟೇ ದೂರವಿರಲಿ. ಕಾರು ನಿಲ್ಲಿಸುವ ಮುಂದಿನ ಜಾಗವೇ ಸಾಮಾನ್ಯವಾಗಿ ತಕ್ಕ ಸ್ಥಳ. ಕಾಂಕ್ರೀಟ್ ಬಳೆಗಳನ್ನು ಒಂದರ ಮೇಲೊಂದು ಇಳಿಸುವಾಗ ಮೇಲಿನ ಎಂಟು ಹತ್ತು ಅಡಿಯವರೆಗಿನ ಸಂದುಗಳಿಗೆ ಗಾರೆ ಹಾಕಿಸಿ, ಕೆಳಗಿನವುಗಳನ್ನು ಹಾಗೇ ಬಿಡಿಸಿ. ಆಗ ನೀರು ಪಾಯದ ಮಟ್ಟದಲ್ಲಿ ಪಕ್ಕಕ್ಕೆ ಹರಡದೆ ಆಳದಲ್ಲಿ ಇಂಗುತ್ತದೆ. ತೋಡುವ ಕೆಲಸಕ್ಕೆ ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡರನ್ನೇ ಕರೆಯಿರಿ. ಬೆಂಗಳೂರಿನಲ್ಲಿ ಬೋರ್‌ವೆಲ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಅವರ ಕೈಗೆ ಇಂಗುಬಾವಿಗಳು ಮತ್ತೆ ಕೆಲಸ ಕೊಟ್ಟಿವೆ. ನಾಲ್ಕಡಿ ಇಳಿಯುತ್ತಿದ್ದಂತೆ ಹಾರೆಯ ತುದಿಗೆ ಅಂಟಿದ ಮಣ್ಣನ್ನು ಬೆರಳಲ್ಲಿ ಉಜ್ಜಿ, ಇದು ನೀರು ಹಿಡಿಯುತ್ತದೆ, ಇದು ಹಿಡಿಯುವುದಿಲ್ಲ ಎಂದು ಅವರು ಹೇಳುವ ಮಾತು ನನ್ನ ಪರೀಕ್ಷಾ ವರದಿಗಳಿಗಿಂತ ಮೊದಲು ಬಂದಿರುತ್ತದೆ, ಸುಳ್ಳಾದದ್ದು ಕಡಿಮೆ. ಹಿಂದಿನವರಂತೆ ನಿಮ್ಮ ನಿವೇಶನವೂ ತುಂಬಿದ ಮಣ್ಣಿನದಾಗಿದ್ದರೆ ಅದನ್ನು ಅವರಿಗೆ ಮೊದಲೇ ತಿಳಿಸಿ. ಸಡಿಲ ಮಣ್ಣು ಕುಸಿಯುತ್ತದೆ, ಒಳಗಿರುವುದು ಮನುಷ್ಯ. ಬಾವಿಯ ಬಾಯಿಗೆ ಭದ್ರವಾದ ಮುಚ್ಚಳವಿಲ್ಲದೆ ಒಂದು ರಾತ್ರಿಯನ್ನೂ ಕಳೆಯಬೇಡಿ.

ತಾರಸಿಯಿಂದ ಇಳಿಯುವ ಪೈಪುಗಳ ಬಗ್ಗೆ ಚಿಕ್ಕ ಮಾತು. ಗಂಟೆಗೆ 100 ಮಿಲಿಮೀಟರಿನ ಬಿರುಸಿನಲ್ಲಿ ನಾಲ್ಕಿಂಚಿನ ಒಂದು ಪೈಪು ಸುಮಾರು 42 ಚದರ ಮೀಟರಿನ ನೀರನ್ನಷ್ಟೇ ಇಳಿಸಬಲ್ಲದು. ನಿಮ್ಮ ತಾರಸಿಗೆ ಅಂಥವು ಎರಡು ಬೇಕು. ತಾರಸಿಯ ಬಾಯಿಗೆ ಎಲೆ ತಡೆಯುವ ಜಾಲರಿ, ಕೆಳಗೆ ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಒಂದು ಕವಾಟ, ಆಮೇಲೆ ಜಲ್ಲಿ ಮರಳಿನ ಶೋಧಕ ಇರಲಿ. ಬಿಡಿಸಿ ನೋಡಬೇಕೆಂದಿದ್ದರೆ ಜಯನಗರ 5ನೇ ಬಡಾವಣೆಯಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ, ಅಲ್ಲಿ ಬಗೆಬಗೆಯ ಶೋಧಕಗಳನ್ನು ಕಣ್ಣಾರೆ ಕಾಣಬಹುದು. ಕಾರು ತೊಳೆದ ಎಣ್ಣೆ ನೀರು, ಬಟ್ಟೆ ಒಗೆದ ಸೋಪಿನ ನೀರು ಇಂಗುಬಾವಿಗೆ ಹೋಗಕೂಡದು. ಹಿಂದಿನ ಮನೆಯ ಅಂಗಳದ ನೀರೂ ನಿಮ್ಮ ಕಾಲುವೆಗೆ ಬರುವುದರಿಂದ, ಅದು ಬಾವಿ ಸೇರುವ ಮುನ್ನ ಎರಡಡಿ ಚೌಕದ ಹೂಳುಗುಂಡಿಯೊಂದರಲ್ಲಿ ನಿಂತು ಬರಲಿ. ಅದರಲ್ಲಿ ಸೋಪಿನ ನೊರೆ ಕಂಡರೆ ಅವರಿಗೆ ತಿಳಿಸಿ, ನಿಲ್ಲುವವರೆಗೂ ಆ ನೀರನ್ನು ಬಾವಿಗೆ ಬಿಡಬೇಡಿ.

ಬಾವಿ ತುಂಬಿದ ಮೇಲಿನ ಹೆಚ್ಚುವರಿ ನೀರಿಗೆ ಬೀದಿಯ ಮಳೆನೀರು ಚರಂಡಿಯೇ ಗತಿ, ಮತ್ತು ಇಲ್ಲಿಯೇ ನಿಮ್ಮ ಎತ್ತರದ ರಸ್ತೆ ಅಡ್ಡ ಬರುತ್ತದೆ. ಆದರೆ ಗಾಬರಿಯಾಗಬೇಡಿ. ರಸ್ತೆಯ ನೆತ್ತಿ ನಿಮ್ಮ ಗೇಟಿಗಿಂತ ಎತ್ತರವಿದ್ದರೂ ಚರಂಡಿಯ ತಳ ಅನೇಕ ಸಲ ನಿಮ್ಮ ಅಂಗಳಕ್ಕಿಂತ ಕೆಳಗೇ ಇರುತ್ತದೆ. ಅದೇ ನೀರಿನ ಟ್ಯೂಬಿನಿಂದ ಆ ಎರಡು ಮಟ್ಟಗಳನ್ನು ಅಳೆಯಿರಿ. ಒಂದಡಿ ಇಳಿಜಾರು ಸಿಕ್ಕರೂ ಪೈಪನ್ನು ಹಾಕಬಹುದು. ಚರಂಡಿ ತುಂಬಿದಾಗ ನೀರು ಹಿಂದಕ್ಕೆ ಬಾರದಂತೆ ಅದರ ಬಾಯಿಗೆ ಒಂದೇ ಕಡೆಗೆ ತೆರೆಯುವ ರೆಕ್ಕೆ ಕವಾಟ ಹಾಕಿಸಿ. ರಸ್ತೆಯ ನೀರು ಒಳಗೆ ನುಗ್ಗದಿರಲು ಗೇಟಿನೊಳಗೆ, ನಿಮ್ಮದೇ ಜಾಗದಲ್ಲಿ, ನಾಲ್ಕಿಂಚಿನ ದಿಬ್ಬ, ಅದರ ಹಿಂದೆ ಜಾಲರಿ ಹೊದೆಸಿದ ಅಡ್ಡಕಾಲುವೆ ಸಾಕು. ಚರಂಡಿಯ ಮೇಲೆ ಕಾಂಕ್ರೀಟಿನ ರ್‍ಯಾಂಪ್ ಹಾಕಿಸಬೇಡಿ. ಅದು ಒತ್ತುವರಿ, ಅಲ್ಲದೆ ರಸ್ತೆಯ ನೀರು ಚರಂಡಿಗೆ ಇಳಿಯುವ ಕಿಂಡಿ ಅದರಡಿ ಮುಚ್ಚಿಹೋಗಿ, ನೀವು ಓಡಿಸಿದ ನೀರು ಪಕ್ಕದ ಗೇಟಿಗೆ ಹೋಗುತ್ತದೆ. ಮುಂದಿನ ಸಲ ಡಾಂಬರು ಹಾಕಲು ಬಂದಾಗ ಹಳೆಯ ಪದರವನ್ನು ಕೆರೆದು ತೆಗೆದ ಮೇಲೆಯೇ ಹೊಸದನ್ನು ಹಾಕಬೇಕೆಂದು ಬೀದಿಯವರೆಲ್ಲ ಸಹಿ ಮಾಡಿ ವಾರ್ಡು ಕಚೇರಿಗೆ ಮುಂಚಿತವಾಗಿಯೇ ಅರ್ಜಿ ಕೊಡಿ. ಯಂತ್ರ ಬಂದು ನಿಂತ ದಿನ ಹೇಳಿದರೆ ಯಾರೂ ಕೇಳುವುದಿಲ್ಲ.

ಕೊನೆಯದಾಗಿ ಆ ಕಲ್ಲುಕಟ್ಟಿನ ಕಾಲುವೆ. ಬೆಂಗಳೂರು ಒಂದು ದಿಬ್ಬದ ಮೇಲಿನ ಊರು. ಇಲ್ಲಿ ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿಗೆ ಹಂಚಿಹೋಗಿ, ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ ರಾಜಕಾಲುವೆಯ ಮೂಲಕ ಹರಿಯುತ್ತಿತ್ತು. ನಿಮ್ಮ ಬಡಾವಣೆಯ ನೀರು ಸೇರುವುದು ವೃಷಭಾವತಿಯನ್ನು, ಅಲ್ಲಿಂದ ಅರ್ಕಾವತಿಯನ್ನು, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು. ಬಡಾವಣೆ ಬರುವ ಮೊದಲು ಅಲ್ಲಿ ಹೊಲ ಗದ್ದೆಗಳಿದ್ದವು. ಆ ಕಲ್ಲುಕಟ್ಟು ಅವುಗಳ ನಡುವಿನ ಕಾಲುವೆಯೇ ಆಗಿರುವ ಸಾಧ್ಯತೆ ಹೆಚ್ಚು. ಸರ್ವೆ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ನಿವೇಶನದ ಹಳೆಯ ಸರ್ವೆ ನಂಬರನ್ನು ಕಂಡುಕೊಂಡು, ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆಯ ಪ್ರತಿ ಪಡೆಯಿರಿ. ಕಾಲುವೆ ನಕ್ಷೆಯಲ್ಲಿದ್ದು, ಅದರ ಜಾಗ ‘ಬಿ’ ಖರಾಬು ಎಂದು ದಾಖಲಾಗಿದ್ದರೆ ಅದು ಸಾರ್ವಜನಿಕ ಜಾಗ. ನೀವು ಎಷ್ಟೇ ವರ್ಷ ಚಪ್ಪಡಿ ಹಾಕಿ ಬಳಸಿದರೂ ಅದು ನಿಮ್ಮದಾಗುವುದಿಲ್ಲ, ತೆರವಿನ ದಿನ ಚಪ್ಪಡಿಯ ಜೊತೆಗೆ ಗೋಡೆಯೂ ಹೋಗಬಹುದು.

ಮಾತು ಚಪ್ಪಡಿಗೇ ನಿಲ್ಲುವುದಿಲ್ಲ. ನಗರದ ‘ಪರಿಷ್ಕೃತ ಮಹಾಯೋಜನೆ–2015’ ರಾಜಕಾಲುವೆಗಳ ಎರಡೂ ಬದಿಯಲ್ಲಿ, ಕಾಲುವೆಯ ನಡುಗೆರೆಯಿಂದ ಅಳೆದು, ಪ್ರಾಥಮಿಕ ಎನ್ನುವ ಮುಖ್ಯ ಕಾಲುವೆಗೆ 50, ಅದನ್ನು ಸೇರುವ ದ್ವಿತೀಯಕ್ಕೆ 25, ಅದಕ್ಕೂ ಚಿಕ್ಕದಾದ ತೃತೀಯಕ್ಕೆ 15 ಮೀಟರು, ಕಟ್ಟಡ ಕಟ್ಟಬಾರದ ಮೀಸಲು ಅಂತರವನ್ನು ಹೇಳಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಕಾಲುವೆಯ ಅಂಚಿನಿಂದ 50, 35, 25 ಮೀಟರಿಗೆ ಏರಿಸಿತ್ತು. ಸುಪ್ರೀಂ ಕೋರ್ಟು 2019ರ ಮಾರ್ಚ್ 5ರಂದು ಆ ಏರಿಕೆಯನ್ನು ರದ್ದುಮಾಡಿತು. ಅಂತರಗಳನ್ನು ಮಾರ್ಪಡಿಸುವ ಪ್ರಸ್ತಾವಗಳು ಆಗಾಗ ಬರುತ್ತಲೇ ಇರುವುದರಿಂದ, ಮನೆಗೆ ಹೊಸ ಅಂತಸ್ತನ್ನೋ ಗೋಡೆಯನ್ನೋ ಸೇರಿಸುವ ಯೋಚನೆಯಿದ್ದರೆ ಆ ದಿನ ಯಾವ ಅಂತರ ಜಾರಿಯಲ್ಲಿದೆಯೆಂದು ಪಾಲಿಕೆಯಿಂದ ಲಿಖಿತ ಉತ್ತರ ಪಡೆದುಕೊಂಡೇ ಮುಂದುವರಿಯಿರಿ. ಕಾಲುವೆಯನ್ನು ಮುಚ್ಚುವ ಬದಲು ವಾರ್ಡು ಎಂಜಿನಿಯರಿಗೆ ಹೇಳಿ ಅದರ ಹೂಳು ತೆಗೆಸಿ. ಮೇಲಿನ ಮನೆಯವರ ನೀರಿಗೂ ನಿಮ್ಮ ಬಾವಿಯ ಹೆಚ್ಚುವರಿ ನೀರಿಗೂ ಹಳಬರು ಬಿಟ್ಟುಹೋದ ದಾರಿ ಅದೇ ಆಗಿರಬಹುದು. ಎಂಜಿನಿಯರ್ ಸ್ಥಳ ನೋಡಿ ಒಪ್ಪಿಗೆ ಕೊಟ್ಟರೆ ಹಿಂಬದಿಯ ನೀರನ್ನು ನಿಮ್ಮ ಸಂದಿಯ ಮೂಲಕ ಮುಂದಕ್ಕೆ ತರುವ ಖರ್ಚೂ ಉಳಿದೀತು. ಗ್ರಾಮ ನಕ್ಷೆಯನ್ನು ಗೋಡೆಯ ಕೆಲಸಕ್ಕೆ ಮುಂಚೆಯೇ ತರಿಸಿಕೊಳ್ಳಿ. ಮೇ ತಿಂಗಳ ಮೊದಲಿನ ಭರಣಿ ಮಳೆಯ ಹೊತ್ತಿಗೆ ಹಿಂದಿನ ಕಾಲುವೆ, ಹೂಳುಗುಂಡಿ, ಬಾವಿ ಈ ಮೂರು ಮುಗಿದಿದ್ದರೆ, ಸೆಪ್ಟೆಂಬರಿನ ನಡುವಿನಿಂದ ಬರುವ ಉತ್ತರೆ ಹಸ್ತೆಗಳ ದೊಡ್ಡ ಮಳೆಗೆ ಮುನ್ನ ಎಲ್ಲಿ ಸೋರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ ತಿದ್ದಿಕೊಳ್ಳಲು ನಿಮಗೆ ನಾಲ್ಕು ತಿಂಗಳು ಸಿಗುತ್ತದೆ.